ಕೂರಿಸಿ ಕುಡಿಸುವ ಹಾಲು

ಫೆಬ್ರವರಿ 9

ಬೆಳಗಿನ ಜಾವ ನಾಲ್ಕೂ ಹತ್ತು. ಎಚ್ಚರವಾದದ್ದು ಅಳುವಿನಿಂದಲ್ಲ, ಗೊಳಗೊಳ ಎಂಬ ಸಣ್ಣ ಸದ್ದಿನಿಂದ. ಒಲೆಯ ಮೇಲಿನ ಕೆಟಲು ಕುದಿಯುತ್ತಿದೆ ಎಂದುಕೊಂಡೆ. ಒಲೆ ಆರಿತ್ತು. ಸದ್ದು ಬರುತ್ತಿದ್ದದ್ದು ತೊಟ್ಟಿಲಿನಿಂದ.

ಬೆಶಿಕ್ ತೊಟ್ಟಿಲಿನ ಪಟ್ಟಿಗಳನ್ನು ಬಿಚ್ಚುವುದು ನನಗಿನ್ನೂ ಸರಿಯಾಗಿ ಬರುವುದಿಲ್ಲ. ಮಗುವನ್ನು ಅಂಗಾತ ಮಲಗಿಸಿ, ಕೈಕಾಲು ನೇರ ಮಾಡಿ ಎರಡು ಕಡೆ ಬಿಗಿದಿರುತ್ತಾರೆ. ಬಿಚ್ಚುವಷ್ಟರಲ್ಲಿ ಮೂಗಿನಿಂದ ಹಾಲು, ತುಟಿಯ ಸೀಳಿನಿಂದ ಹಾಲು. ಮುಖ ನೀಲಿಯಾಗಿರಲಿಲ್ಲ, ಆದರೆ ನೀಲಿಯ ದಾರಿ ಹಿಡಿದಿತ್ತು. ಎತ್ತಿ ಬೋರಲು ಹಾಕಿಕೊಂಡು ಬೆನ್ನು ತಟ್ಟಿದೆ. ಅತ್ತಳು. ಅಷ್ಟು ಚೆಂದದ ಅಳುವನ್ನು ನಾನು ಕೇಳಿಯೇ ಇಲ್ಲ.

ಈಗ ನನ್ನ ಎಡತೋಳಿಗೆ ಒರಗಿ, ಅರ್ಧ ಕೂತಂತೆ ನಿದ್ದೆ ಮಾಡುತ್ತಿದ್ದಾಳೆ. ಬಲಗೈ ಬಿಡುವಾಗಿದೆ. ಇದು ಕಾಲೇಜಿನ ರಸಾಯನಶಾಸ್ತ್ರದ ನೋಟ್‌ಬುಕ್ಕು, ಹಿಂದಿನ ಪುಟಗಳೆಲ್ಲ ಖಾಲಿ. ಎಷ್ಟು ಹಾಲು ಒಳಗೆ ಹೋಯಿತು, ಎಷ್ಟು ಹೊರಗೆ ಬಂತು ಎಂದು ಬರೆದಿಡಲು ತೆಗೆದೆ. ಮಿಕ್ಕಿದ್ದನ್ನೂ ಬರೆಯುತ್ತೇನೆ. ಮನೆಯಲ್ಲಿ ಯಾರ ಹತ್ತಿರವೂ ಹೇಳುವ ಹಾಗಿಲ್ಲ.

ಮಗಳು ಬೆರ್ಮೆತ್‌ಗೆ ಇವತ್ತಿಗೆ ಹನ್ನೆರಡು ದಿನ. ಮೇಲ್ದುಟಿ ಎಡಗಡೆ ಮೂಗಿನ ಹೊಳ್ಳೆಯವರೆಗೆ ಸೀಳಿದೆ. ಒಳಗೆ ಅಂಗುಳವೂ ಕೂಡಿಲ್ಲ. ಹಾಗಾಗಿ ಮೊಲೆ ಚೀಪಲು ಆಗುವುದಿಲ್ಲ. ಹಿಂಡಿ, ಬಾಟಲಿಯಲ್ಲಿ ಕೊಡುತ್ತೇನೆ. ಜಿಲ್ಲಾ ಆಸ್ಪತ್ರೆಯ ವೈದ್ಯೆ ಎರಡು ಮಾತು ಹೇಳಿದ್ದಾರೆ. ಹುಟ್ಟಿದ ಮೂರು ವಾರದೊಳಗೆ ರಾಜಧಾನಿ ಬಿಶ್ಕೆಕ್‌ಗೆ ಒಯ್ದು ಅಂಗುಳಕ್ಕೆ ಪ್ಲೇಟು ಹಾಕಿಸಬೇಕು. ಮೇ ತಿಂಗಳಲ್ಲಿ ತುಟಿಯ ಆಪರೇಷನ್ ಆಗಬೇಕಾದರೆ ಅವಳು ಐದು ಕಿಲೋ ತೂಗಬೇಕು. ಈಗ ಎರಡು ಕಿಲೋ ಒಂಬೈನೂರು.

ಮಧ್ಯಾಹ್ನ ಮತ್ತೆ ಬರೆಯುತ್ತಿದ್ದೇನೆ. ಬೆಳಗ್ಗೆ ಎದ್ದ ಕೂಡಲೇ ಅತ್ತೆಗೆ ಹೇಳಿದೆ, "ಆಪಾ, ಇನ್ಮೇಲೆ ಬೆಶಿಕ್‌ನಲ್ಲಿ ಕಟ್ಟೋದು ಬೇಡ."

"ಬೆಶಿಕ್‌ನಲ್ಲಿ ಮಲಗದೆ ಇರೋ ಮಗು ಉಂಟಾ? ನಿನ್ನ ಗಂಡ ಇದ್ರಲ್ಲೇ ಬೆಳ್ದಿದ್ದು. ನೋಡು, ಎತ್ತಿನ ಹಾಗಿದಾನೆ."

"ನಿಮ್ಮ ಮಗನ ಅಂಗುಳ ಸರಿ ಇತ್ತಲ್ಲ ಆಪಾ."

ಅವರು ಚಹಾ ಬಟ್ಟಲು ಕೆಳಗಿಟ್ಟರು. "ನಿಜ ಹೇಳು. ಬಸುರೀಲಿ ಮೊಲ ತಿಂದ್ಯಾ? ಅದಕ್ಕೇ ಮೊಲದ ಹಾಗೆ ತುಟಿ ಸೀಳಿರೋದು."

ತಿಂದಿದ್ದೆ. ಅಕ್ಟೋಬರಿನಲ್ಲಿ ಗಂಡ ತಿಲೆಕ್ ತಂದಿದ್ದ, ಎರಡೇ ತುತ್ತು. ಹೊಟ್ಟೆಯೊಳಗೆ ತುಟಿ ಕೂಡುವುದು ಎರಡನೇ ತಿಂಗಳಲ್ಲಿ. ಅಕ್ಟೋಬರಿಗೆ ನನಗೆ ಆರನೇ ತಿಂಗಳು. ಇಷ್ಟೆಲ್ಲ ಗೊತ್ತಿದ್ದೂ ಆ ಎರಡು ತುತ್ತು ಇನ್ನೂ ಗಂಟಲಲ್ಲೇ ಕೂತಿವೆ.

"ಇಲ್ಲ" ಎಂದೆ.

ಫೆಬ್ರವರಿ 12

ತಿಲೆಕ್ ಪಶುವೈದ್ಯರ ಸಹಾಯಕ. ಈಗ ಕುರಿಗಳು ಈಯುವ ಕಾಲ. ಸಂಜೆ ಬಂದವನು ಜೇಬಿನಿಂದ ಕೆಂಪು ರಬ್ಬರಿನದೇನೋ ತೆಗೆದ. ಕುರಿಮರಿಗೆ ಹಾಲೂಡಿಸುವ ನಿಪ್ಪಲ್ಲು.

"ಹೋದ ವರ್ಷ ಒಂದು ಮರಿಗೆ ಹೀಗೇ ಅಂಗುಳ ಬಿಟ್ಟಿತ್ತು. ಇದ್ರಲ್ಲೇ ಬದುಕ್ತು" ಎಂದ.

"ಆ ಮರಿ ಈಗೆಲ್ಲಿದೆ?"

"ತಿಂದ್ವಲ್ಲ" ಎಂದ.

ನಗು ಬಂತು, ಬಂದದ್ದೇ ಅಳುವಾಯಿತು. ಅವನು ನಿಪ್ಪಲ್ಲನ್ನು ಮತ್ತೆ ಜೇಬಿಗೆ ಹಾಕಿಕೊಂಡ.

ಆಪಾ ರಾತ್ರಿಯಿಡೀ ಒಲೆಯ ಪಕ್ಕ ಕೂತಿರುತ್ತಾರೆ. ನನ್ನನ್ನು ಕಾಯುತ್ತಿದ್ದಾರೆ. ಓದಿದ ಸೊಸೆ ಮಗುವನ್ನು ಬೀಳಿಸುತ್ತಾಳೆಂದು ಇರಬೇಕು. ನನ್ನ ತಲೆ ವಾಲಿ, ಬೆಚ್ಚಿ ಕಣ್ಣು ಬಿಟ್ಟಾಗಲೆಲ್ಲ ಬೆರ್ಮೆತ್ ಅವರ ಎದೆಗೆ ಒರಗಿ ನೆಟ್ಟಗೆ ಕೂತಿರುತ್ತಾಳೆ. ಯಾವಾಗ ಕಿತ್ತುಕೊಂಡರೋ ತಿಳಿಯುವುದೇ ಇಲ್ಲ.

ಬೆಶಿಕ್ ಮೂಲೆಗೆ ಹೋಗಿದೆ. ಅದರ ಮೇಲೆ ಹೊದಿಕೆಗಳನ್ನು ಒಟ್ಟಿದ್ದಾರೆ.

ಫೆಬ್ರವರಿ 14

ದೊಡ್ಡ ಜಗಳ. ಹದಿನೆಂಟನೇ ತಾರೀಖು ಬಿಶ್ಕೆಕ್ ಆಸ್ಪತ್ರೆಯಲ್ಲಿ ಹೊತ್ತು ಗೊತ್ತುಮಾಡಿದ್ದಾರೆ ಎಂದು ಹೇಳಿದ್ದಷ್ಟೇ.

"ನಲವತ್ತು ದಿನ ತುಂಬದೆ ಮಗು ಹೊಸ್ತಿಲು ದಾಟೋ ಹಾಗಿಲ್ಲ."

"ಮೂರು ವಾರ ಕಳೆದ್ರೆ ಎಲುಬು ಗಟ್ಟಿಯಾಗತ್ತೆ ಆಪಾ. ಈಗ ಮೇಣದ ಹಾಗಿದೆಯಂತೆ. ಪ್ಲೇಟು ಹಾಕಿ ಮೆಲ್ಲಗೆ ಒತ್ತಿದ್ರೆ ಎರಡು ಕಡೆಯಿಂದ್ಲೂ ಹತ್ರ ಬರತ್ತಂತೆ. ಆಮೇಲೆ ಹೊಲಿಯೋದು ಸುಲಭ."

"ಮೇಣದಂಥ ಕೂಸನ್ನ ಈ ಚಳೀಲಿ ಕಣಿವೆ ದಾಟಿಸ್ತೀಯಾ? ಜನ ಏನಂತಾರೆ? ಗಾಳಿ ಗೀಳಿ ಸೋಕಿದ್ರೆ ಯಾರು ಹೊಣೆ?"

"ಸೋಕೋಕೆ ಇನ್ನೇನು ಬಾಕಿ ಇದೆ?" ಎಂದುಬಿಟ್ಟೆ. ಅತ್ತೆಗೆ ಹಾಗೆ ಮಾತಾಡುವ ಕೆಲಿನ್, ಅಂದರೆ ಸೊಸೆ, ಈ ಕೊಚ್ಕೋರ್ ಊರಿನಲ್ಲಿ ನಾನೊಬ್ಬಳೇ ಇರಬೇಕು.

ತಿಲೆಕ್ ಯಾವುದೋ ಕುರಿಗೆ ಜ್ವರವೆಂದು ಎದ್ದುಹೋದ. ಅವನಿಗೆ ಬೇಕಾದಾಗಲೆಲ್ಲ ಕುರಿಗಳಿಗೆ ಜ್ವರ ಬರುತ್ತದೆ.

ರಾತ್ರಿ ಪಿಸುಮಾತಿನಲ್ಲಿ ತೀರ್ಮಾನ ಮಾಡಿದೆವು. ಹದಿನೆಂಟರ ಬೆಳಗ್ಗೆ ಆಪಾ ಹಸುವಿನ ಹತ್ತಿರ ಹೋದಾಗ ಕಾರು ಹತ್ತುವುದು. ಹೇಳಿ ಹೋಗುವುದಿಲ್ಲ.

ಫೆಬ್ರವರಿ 17

ಜಗಳದ ಮರುದಿನದಿಂದ ಎರಡು ದಿನ ಆಪಾ ಹಗಲು ಮನೆಯಲ್ಲಿರಲಿಲ್ಲ. ನನ್ನ ಮೇಲಿನ ಮುನಿಸು ಎಂದುಕೊಂಡಿದ್ದೆ. ನಿನ್ನೆ ಸಂಜೆ ಒಂದು ಗಂಟು ತಂದು ಬಿಚ್ಚಿದರು. ಬಟ್ಟೆಯ ಚೂರುಗಳು. ಹೂವಿನದು, ಗೀಟಿನದು, ಯಾರದೋ ಹಳೆ ಪರದೆಯದು. ನಲವತ್ತು ಮನೆಯಿಂದ ಬೇಡಿ ತಂದ ನಲವತ್ತು ಚೂರು. ನಲವತ್ತನೇ ದಿನ ಮಗುವಿಗೆ ಹಾಕುವ ಅಂಗಿಗೆ. ರಾತ್ರಿಯೆಲ್ಲ ಕೂತು ಹೊಲಿದರು.

ನಲವತ್ತು ಮನೆ ತಿರುಗಿದ್ದಾರೆ ಎಂದರೆ ನಲವತ್ತು ಮನೆಗೂ ನನ್ನ ಮಗಳ ಬಾಯಿಯ ವಿಷಯ ತಿಳಿಯಿತು ಎಂದೇ ಅರ್ಥ. ಇಷ್ಟು ದಿನ ಬಾಗಿಲಿಗೆ ಬಂದವರಿಗೆಲ್ಲ "ಮಗು ಮಲಗಿದೆ" ಎಂದು ಹೇಳಿ ಕಳಿಸುತ್ತಿದ್ದವರು ಇವರೇ! ಸಿಟ್ಟು ನೆತ್ತಿಗೇರಿತು.

ಇವತ್ತು ಮಧ್ಯಾಹ್ನ ಒಲೆ ಬೆಂಕಿ ಜೋರು ಮಾಡಿ, ಬೋಗುಣಿ ಇಟ್ಟು, ಮರದ ಚಮಚದಲ್ಲಿ ಮಗುವಿನ ಮೈಮೇಲೆ ನೀರು ಹಾಕತೊಡಗಿದರು. ಒಂದು, ಎರಡು, ಮೂರು. ಪಕ್ಕದ ಮನೆಯ ಝಾನಿಲ್ ಎಜೆ, ಅಂದರೆ ಝಾನಿಲ್ ಅಕ್ಕ, ಬಾಗಿಲಲ್ಲೇ ನಿಂತು ಬೆರಳು ಮಡಿಸಿದಳು.

"ಇವತ್ತಿಗೆ ಇಪ್ಪತ್ತೇ ದಿನ ಅಲ್ವಾ? ಏನಿದು ನಲವತ್ತರ ಸ್ನಾನ?"

"ಇಪ್ಪತ್ತು ಹಗಲು, ಇಪ್ಪತ್ತು ರಾತ್ರಿ" ಎಂದರು ಆಪಾ, ಚಮಚ ನಿಲ್ಲಿಸದೆ. "ಎಷ್ಟಾಯ್ತು?"

"ಹಾಗೆ ಯಾರಾದ್ರೂ ಎಣಿಸ್ತಾರಾ?"

"ರಾತ್ರಿ ಮಲಗೋರು ಎಣಿಸಲ್ಲ. ನಾವು ಮಲಗಿಲ್ಲ, ಎಣಿಸ್ತೀವಿ. ಒಳಗೆ ಬಂದು ಬಾಗಿಲು ಹಾಕು, ಚಳಿ ಬರತ್ತೆ."

ಅಂಗಿ ದೊಡ್ಡದಾಯಿತು. ತೋಳು ನಾಲ್ಕು ಮಡಿಕೆ. ಈ ಗಡಿಬಿಡಿಯಲ್ಲಿ ಮಧ್ಯಾಹ್ನದ ಹಾಲು ಒಂದು ಗಂಟೆ ತಡ. ಇದನ್ನು ಅವರು ಸ್ವಲ್ಪ ಯೋಚಿಸಬೇಕಿತ್ತು.

ಫೆಬ್ರವರಿ 18, ಬಿಶ್ಕೆಕ್

ನಾವು ಕದ್ದು ಹೊರಡುವ ಅಗತ್ಯವೇ ಬೀಳಲಿಲ್ಲ. ಬೆಳಗ್ಗೆ ಬಂದರೆ ಆಪಾ ಆಗಲೇ ಕಾರಿನ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಥರ್ಮಾಸು, ಕಾಲ ಬಳಿ ಎಣ್ಣೆಯಲ್ಲಿ ಕರಿದ ಹಿಟ್ಟಿನ ತುಂಡು, ಬೋರ್ಸೊಕ್‌ನ ಚೀಲ.

ಆಸ್ಪತ್ರೆಯ ಕಿಟಕಿಯಲ್ಲಿ ಹುಡುಗಿ ಕೇಳಿದಳು, "ಜೊತೆಗಿರೋರ ಹೆಸರು?"

ನಾನು ಬಾಯಿ ಮುಚ್ಚಿದೆ. ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಲ್ಲಿ ಹೇಳುವುದಿಲ್ಲ.

"ಅಜ್ಜಿ ಹೆಸರು ಹೇಳಿ ಅಕ್ಕಾ, ಹಿಂದೆ ಜನ ಇದಾರೆ."

"ಮಗುವಿನ ತಂದೆಯ ತಾಯಿ" ಎಂದೆ.

"ಅದು ಹೆಸರಾ?"

ಕೊನೆಗೆ ಅವಳ ಪೆನ್ನು ಕಸಿದು ಕಾಗದದ ಮೇಲೆ ಬರೆದೆ. ಸೈರಾಗುಲ್. ಆಪಾ ಕನ್ನಡಕ ಏರಿಸಿ ನೋಡಿ, "ಅಕ್ಷರ ದುಂಡಗಿದೆ" ಎಂದರು. ಮಗು ಹುಟ್ಟಿದ ಮೇಲೆ ಅವರು ನಕ್ಕದ್ದನ್ನು ಇವತ್ತೇ ನೋಡಿದ್ದು.

ವೈದ್ಯೆ ಲ್ಯುದ್ಮಿಲಾ ಪಾವ್ಲೊವ್ನಾ. ಗಿಡ್ಡ ಹೆಂಗಸು, ದೊಡ್ಡ ಕೈ, ಎಚ್ಚರಿಕೆಯ ಬೆರಳು. ಬೆರ್ಮೆತ್‌ಳನ್ನು ಬೋರಲು ಹಿಡಿದು, ಮೆತ್ತನೆಯ ಹಸಿರು ಹಿಟ್ಟನ್ನು ಅವಳ ಅಂಗುಳಕ್ಕೆ ಒತ್ತಿ ಅಚ್ಚು ತೆಗೆದರು. ನಾನು ಗೋಡೆ ಹಿಡಿದುಕೊಂಡೆ.

"ಅಳಲಿ ಬಿಡಿ. ಅಳ್ತಾ ಇದ್ರೆ ಉಸಿರಾಡ್ತಾ ಇದೆ ಅಂತ. ಸುಮ್ಮನಾದ್ರೆ ಮಾತ್ರ ನನಗೆ ಹೇಳಿ."

ಅರವತ್ತು ಸೆಕೆಂಡು. ಎಣಿಸಿದ್ದು ಆಪಾ, ಗಟ್ಟಿಯಾಗಿ.

ಆಮೇಲೆ ನಮಗೆ ಪಾಠ. ಹಿಂಡಿದರೆ ಹಾಲು ಚಿಮ್ಮುವ ಮೆತ್ತನೆಯ ಬಾಟಲಿ ಕೊಟ್ಟರು. "ಮಲಗಿಸಿ ಕುಡಿಸ್ಬೇಡಿ. ಕೂರಿಸಿ. ನಡುನಡುವೆ ತೇಗಿಸಿ. ಮುಖ್ಯ, ಅರ್ಧ ಗಂಟೆ ಮೀರಬಾರದು."

"ನಾನೂ ಇವಳಿಗೆ ಅದನ್ನೇ ಬಡ್ಕೊಳ್ತಿದ್ದೆ, ಕೂರಿಸಿ ಕುಡ್ಸು ಅಂತ" ಎಂದರು ಆಪಾ.

ತಿಲೆಕ್ ನನ್ನ ಮುಖ ನೋಡಿ ಕೆಮ್ಮಿದ.

ಪ್ಲೇಟು ನಾಡಿದ್ದು. ತಿಲೆಕ್‌ನ ಚಿಕ್ಕಪ್ಪನ ಮಗಳ ಫ್ಲ್ಯಾಟಿನಲ್ಲಿ ಉಳಿದಿದ್ದೇವೆ.

ಮಾರ್ಚ್ 2

ಹಗಲೂ ರಾತ್ರಿಯೂ ಪ್ಲೇಟು ಬಾಯಲ್ಲೇ ಇರಬೇಕು. ಎರಡು ಕೆನ್ನೆಗೂ ಅಂಟುಪಟ್ಟಿ, ಪಟ್ಟಿಗೆ ಸಣ್ಣ ರಬ್ಬರ್ ಬಳೆ, ಬಳೆ ಪ್ಲೇಟಿಗೆ. ದಿನಕ್ಕೊಮ್ಮೆ ತೆಗೆದು ತೊಳೆಯುವಾಗ ಕೆನ್ನೆ ಕೆಂಪಗಿರುತ್ತದೆ. ಪಟ್ಟಿ ಕೀಳುವ ಕೆಲಸ ಆಪಾ ಮಾಡುತ್ತಾರೆ, ಬೆಚ್ಚನೆ ನೀರು ಹಚ್ಚಿ ಹಚ್ಚಿ. ನಾನು ಪ್ಲೇಟು ತೊಳೆಯುತ್ತೇನೆ.

ವಾರಕ್ಕೊಮ್ಮೆ ಬಿಶ್ಕೆಕ್. ಹೋಗಿ ಬರುವುದಕ್ಕೆ ಒಂದು ದಿನವೆಲ್ಲ.

3 ಕಿಲೋ 150.

ಮಾರ್ಚ್ 21

ನೂರೂಜ್. ಹೊಸ ವರ್ಷದ ಸುಮೊಲೊಕ್ ಗಂಜಿ ಹಂಚಲು ಬೀದಿಯವರೆಲ್ಲ ಬಂದಿದ್ದರು. ನಾನು ಬೆರ್ಮೆತ್‌ಳ ಮುಖದ ಮೇಲೆ ಶಾಲು ಎಳೆದುಕೊಂಡು ಮೂಲೆಯಲ್ಲಿ ಕೂತಿದ್ದೆ. ಆಪಾ ಬಂದು ಶಾಲನ್ನು ಸರಿಸಿದರು. ಒಲೆಯ ಕಾವು ಹೆಚ್ಚಾಗಿತ್ತೇನೋ.

ಝಾನಿಲ್ ಎಜೆ, "ಅಯ್ಯೋ, ಮುಚ್ಚಿಡಿ ಪಾಪ, ಯಾರ ಕಣ್ಣಾದ್ರೂ ಬಿದ್ದೀತು" ಎಂದಳು.

"ಯಾರದು? ನಿಂದಾ?" ಎಂದರು ಆಪಾ. "ನಿನ್ನ ಕಣ್ಣಿಗೆ ಸೂಜಿ ದಾರ ಪೋಣಿಸೋಕೇ ಆಗಲ್ಲ, ನನ್ನ ಮೊಮ್ಮಗಳಿಗೆ ಏನು ತಗುಲತ್ತೆ? ಬಾ, ಹತ್ರ ಬಂದು ನೋಡು. ಮೂಗು ಆಗಲೇ ನೆಟ್ಟಗಾಗ್ತಿದೆ."

ಝಾನಿಲ್ ಎಜೆ ಬಗ್ಗಿ ನೋಡಿದಳು. "ಹೌದಲ್ವಾ" ಎಂದಳು. ಅವಳ ಹಿಂದೆ ಮತ್ತೊಬ್ಬಳು, ಇನ್ನೊಬ್ಬಳು. "ನನ್ನ ಅಂಗಿಯ ಬಟ್ಟೆ ಇದು", "ಇದು ನಮ್ಮ ಪರದೆ" ಎಂದು ಮಗುವಿನ ಅಂಗಿಯಲ್ಲಿ ತಮ್ಮ ತಮ್ಮ ಚೂರು ಹುಡುಕತೊಡಗಿದರು. ಗಲಾಟೆಗೆ ಬೆರ್ಮೆತ್‌ಳ ನಿದ್ದೆ ಕೆಟ್ಟಿತು.

3 ಕಿಲೋ 600.

ಏಪ್ರಿಲ್ 6

3 ಕಿಲೋ 750. ಹದಿನಾರು ದಿನಕ್ಕೆ ನೂರೈವತ್ತು ಗ್ರಾಂ. ಹೀಗಾದರೆ ಮೇ ತಿಂಗಳಿಗೆ ಐದು ಕಿಲೋ ಆಗುವುದಿಲ್ಲ. ಮೇ ಇಪ್ಪತ್ತರ ಆಪರೇಷನ್ ಸರದಿ ತಪ್ಪಿದರೆ ಮುಂದಿನದು ಶರತ್ಕಾಲಕ್ಕೆ ಎಂದಿದ್ದಾರೆ.

ದಿನಕ್ಕೆ ಎಂಟು ಸಲ ಕುಡಿಸುತ್ತೇನೆ. ಪ್ರತಿ ಸಲವೂ ಒಂದು ಗಂಟೆ. ಬಾಟಲಿ ಖಾಲಿಯಾಗುವವರೆಗೆ ಬಿಡುವುದಿಲ್ಲ. ಒಂದು ಹನಿಯೂ ಉಳಿಯಬಾರದು. ಆದರೂ.

ಅತ್ತುಬಿಟ್ಟೆ. ಹಾಲು ಹಿಂಡುವ ಪಂಪಿನ ಸದ್ದಿನಲ್ಲಿ ಯಾರಿಗೂ ಕೇಳಿಸಿರಲಿಕ್ಕಿಲ್ಲ.

ಏಪ್ರಿಲ್ 9

ಹಾಲಿನ ಲೆಕ್ಕದ ಪಟ್ಟಿಯನ್ನು ಹರಡಿಕೊಂಡು ಕೂತಿದ್ದೆ. ನಾನು ನಿದ್ದೆ ಹೋಗಿ ಆಪಾ ಕುಡಿಸಿದ ಹೊತ್ತುಗಳಿಗೆ ಸುಮ್ಮನೆ ಒಂದು ಚುಕ್ಕಿ ಹಾಕುತ್ತಿದ್ದೆ. ನೋಡಿದರೆ ಚುಕ್ಕಿ ಹೆಚ್ಚಿರುವ ದಿನಗಳ ಮರುದಿನವೇ ತೂಕ ಏರಿದೆ. ಚುಕ್ಕಿಯಿಲ್ಲದ ದಿನ ನಿಂತಿದೆ. ರಸಾಯನಶಾಸ್ತ್ರದ ಪದವೀಧರೆ ನಾನು, ನನ್ನ ಪಟ್ಟಿಯನ್ನು ನಾನೇ ಸುಳ್ಳು ಎನ್ನಲಾರೆ.

ಹೊಟ್ಟೆಕಿಚ್ಚಾಯಿತು. ನನ್ನದೇ ಹಾಲು ತಾನೇ?

ಮಧ್ಯಾಹ್ನ ಬಾಟಲಿಯನ್ನು ಆಪಾ ಕೈಗೆ ಕೊಟ್ಟು ಎದುರು ಕೂತೆ. ಅವರು ಮಗುವನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಂಡರು. ಹಿಂಡುವುದು, ಬಿಡುವುದು. ಅವಳು ನುಂಗುವವರೆಗೆ ತಡೆಯುವುದು. ಮತ್ತೆ ಹಿಂಡುವುದು. ಅವರ ಕಣ್ಣು ಬಾಟಲಿಯ ಮೇಲಿರಲಿಲ್ಲ, ಮಗುವಿನ ಗಂಟಲ ಮೇಲಿತ್ತು.

"ಎಲ್ಲಿ ಕಲಿತ್ರಿ ಆಪಾ?"

"ಇಪ್ಪತ್ತೆರಡು ವರ್ಷ ಸರ್ಕಾರಿ ಕೊಟ್ಟಿಗೇಲಿ ಹಾಲು ಕರೆದಿದೀನಿ. ಹಸುವಿಗೂ ಅಷ್ಟೇ, ಅದರ ಲಯಕ್ಕೆ ಕೈ ಹೋಗ್ಬೇಕು. ನಿನ್ನ ಅವಸರಕ್ಕೆ ಹಿಂಡಿದ್ರೆ ಒದೆಯತ್ತೆ."

"ನಾನು ಅವಸರ ಮಾಡ್ತೀನಾ?"

"ಇಲ್ಲ. ನೀನು ಹೆದರ್ತೀಯ. ಅದು ಕೈಗೆ ಗೊತ್ತಾಗತ್ತೆ, ಕೈಯಿಂದ ಇವಳಿಗೆ ಗೊತ್ತಾಗತ್ತೆ." ಬಾಟಲಿಯಲ್ಲಿ ಇನ್ನೂ ಸ್ವಲ್ಪ ಹಾಲಿರುವಾಗಲೇ ಕೆಳಗಿಟ್ಟರು. "ಸಾಕು. ಅರ್ಧ ಗಂಟೆ ಅಂದಿದ್ರಲ್ವಾ ಆ ಡಾಕ್ಟ್ರಮ್ಮ? ನೀನು ಗಂಟೆಗಟ್ಟಲೆ ಕುಡಿಸ್ತೀಯ. ಕುಡಿದಿದ್ದೆಲ್ಲ ಕುಡಿಯೋ ಕೆಲಸಕ್ಕೇ ಖರ್ಚಾಗತ್ತೆ."

ನನ್ನ ಕೈಯನ್ನು ತಮ್ಮ ಕೈ ಕೆಳಗಿಟ್ಟುಕೊಂಡು ಸಂಜೆಯ ಹಾಲು ಕುಡಿಸಿದರು. ಹಿಂಡು. ಬಿಡು. ನೋಡು. ಇಪ್ಪತ್ತೈದು ನಿಮಿಷ. ಅವರ ಅಂಗೈ ಒರಟು, ಬಿಸಿ.

ಏಪ್ರಿಲ್ 29

4 ಕಿಲೋ 500! ತಿಲೆಕ್ ಕುರಿ ತೂಗುವ ತಕ್ಕಡಿ ತಂದು ಇನ್ನೊಮ್ಮೆ ತೂಗಿದ. ಅದರಲ್ಲಿ ಐದು ತೋರಿಸಿತು. ಅದನ್ನೇ ಬರೆದುಕೋ ಎನ್ನುತ್ತಾನೆ.

ಮೇ 12

5 ಕಿಲೋ 40. ಆಸ್ಪತ್ರೆಯ ತಕ್ಕಡಿಯಲ್ಲಿ. ಲ್ಯುದ್ಮಿಲಾ ಪಾವ್ಲೊವ್ನಾ ಅಳತೆಪಟ್ಟಿ ಹಿಡಿದು ತೋರಿಸಿದರು, ಒಸಡಿನ ನಡುವಿನ ಸಂದು ಹನ್ನೊಂದು ಮಿಲಿಮೀಟರ್ ಇದ್ದದ್ದು ಈಗ ಮೂರು. "ಇಪ್ಪತ್ತಕ್ಕೆ ಬನ್ನಿ. ನೆಗಡಿ ಕೆಮ್ಮು ತರಬೇಡಿ, ಅಷ್ಟೇ. ಕೆಮ್ಮೋ ಮಗುವನ್ನ ಸರ್ಜನ್ನರು ಆಪರೇಷನ್ ಮೇಜಿನ ಮೇಲೆ ಮಲಗಿಸಲ್ಲ."

ಕುಣಿಯಬೇಕಿತ್ತು. ಬರುವಾಗ ಕಾರಿನಲ್ಲಿ ಬೆರ್ಮೆತ್ ನಕ್ಕಳು. ಅವಳ ನಗು ಬೇರೆ ಮಕ್ಕಳ ನಗುವಿನ ಹಾಗಿಲ್ಲ. ತುಟಿ ಎರಡು ಕಡೆಗೂ ಬಾಗಿಲು ತೆರೆದಂತೆ ತೆರೆದು, ಮುಖವೆಲ್ಲ ನಗುವಾಗಿ, ಮೂಗಿನಿಂದಲೂ ಒಂದು ಸಣ್ಣ ದನಿ ಬರುತ್ತದೆ. ಅವಳು ಹುಟ್ಟಿದ ದಿನ ಸೂಲಗಿತ್ತಿ ಈ ಬಾಯಿಗೆ ಬಟ್ಟೆ ಹೊದಿಸಿದ್ದಳು. ಈಗ ಈ ಬಾಯಿಗೆ ಎಂಟೇ ದಿನ ಉಳಿದಿದೆ. ಹೊಲಿದ ಮೇಲೆ ಬರುವ ನಗು ಚೆಂದವೇ ಇರುತ್ತದೆ. ಆದರೆ ನನಗೆ ಪರಿಚಯವಾದ ನಗು ಇದು.

ಇದನ್ನು ಯಾರಿಗೆ ಹೇಳಲಿ, ಹುಚ್ಚಿ ಎಂದಾರು ಎಂದುಕೊಳ್ಳುತ್ತಿದ್ದೆ. ಮುಂದಿನ ಸೀಟಿನಿಂದ ಆಪಾ ತಿರುಗಿ ಮಗುವನ್ನೇ ನೋಡುತ್ತ, "ಹೀಗೆ ನಗೋದು ಮರೆತೇ ಹೋಗತ್ತಲ್ವಾ ಇವಳಿಗೆ" ಎಂದರು.

ಮೇ 19, ಬಿಶ್ಕೆಕ್, ಆಸ್ಪತ್ರೆಯ ಮೆಟ್ಟಿಲು

ಆಪಾ, ಈ ಪುಟ ನಿಮಗೆ.

ನರ್ಸ್ ಮಗುವಿಗಿಂತ ಮೊದಲು ನನ್ನ ಜ್ವರ ನೋಡಿದಳು. ಮೂವತ್ತೆಂಟು ಮೀರಿದೆ. ಬೆಳಗಿನಿಂದ ಗಂಟಲು ಕೆರೆಯುತ್ತಿದ್ದರೂ ಯಾರಿಗೂ ಹೇಳಿರಲಿಲ್ಲ. ನನ್ನನ್ನು ವಾರ್ಡಿನೊಳಗೆ ಬಿಡುವುದಿಲ್ಲ, ಗಂಡಸಾದ ತಿಲೆಕ್‌ನನ್ನೂ ಬಿಡುವುದಿಲ್ಲ. ಒಬ್ಬರೇ ಇರಬಹುದು ಎಂದಳು. ನಾನು ಬಾಯಿ ಬಿಟ್ಟು, ಎಲ್ಲರೆದುರು, "ಸೈರಾಗುಲ್ ಇರ್ತಾರೆ" ಎಂದೆ. ಹೆಸರು ಹೇಳಿದ್ದಕ್ಕೆ ಕ್ಷಮಿಸಿ. ಕಾಗದ ಹುಡುಕುವಷ್ಟು ಹೊತ್ತಿರಲಿಲ್ಲ.

ಈ ನೋಟ್‌ಬುಕ್ಕನ್ನು ನರ್ಸ್ ಕೈಯಲ್ಲಿ ಕಳಿಸುತ್ತಿದ್ದೇನೆ. ಹಾಲಿನ ಹೊತ್ತುಗಳೆಲ್ಲ ಇದರಲ್ಲೇ ಇವೆ. ನಿಮಗೆ ಅವು ಬೇಕಿಲ್ಲ, ನನಗೆ ಗೊತ್ತು. ಹಾಲು ಐದು ಬಾಟಲಿ ಫ್ರಿಜ್ಜಿನಲ್ಲಿದೆ, ನೀಲಿ ದಾರ ಕಟ್ಟಿದ್ದೇನೆ. ಕೊನೆಯದು ಬೆಳಗಿನ ಜಾವ ನಾಲ್ಕಕ್ಕೆ ಮುಗಿಯಬೇಕು. ಆಮೇಲೆ ಎಷ್ಟೇ ಅತ್ತರೂ ಒಂದು ಹನಿ ನೀರೂ ಇಲ್ಲ. ಎಂಟಕ್ಕೆ ಒಳಗೆ ಒಯ್ಯುತ್ತಾರೆ.

ಹಿಂದಿನ ಪುಟಗಳಲ್ಲಿ ನಿಮ್ಮ ಬಗ್ಗೆ ಏನೇನೋ ಬರೆದಿದ್ದೇನೆ. ಹರಿದು ಕಳಿಸೋಣ ಎಂದುಕೊಂಡೆ. ಹರಿಯಲಿಲ್ಲ. ಓದಿ. ಮೊಲವನ್ನು ನಾನು ತಿಂದಿದ್ದೆ ಆಪಾ. ಎರಡು ತುತ್ತು.

ನಿನ್ನೆ ರಾತ್ರಿಯೆಲ್ಲ ನಾನು ಅವಳನ್ನು ಎದೆಗೆ ಒತ್ತಿಕೊಂಡೇ ಮಲಗಿದ್ದೆ. ನನ್ನ ಕೆಮ್ಮು ಅವಳಿಗೆ ತಗುಲಿದ್ದರೆ? ರಾತ್ರಿ ಅವಳು ಕೆಮ್ಮಿದರೆ ಅವರು ಮುಟ್ಟುವುದಿಲ್ಲ, ಶರತ್ಕಾಲದವರೆಗೆ ಕಾಯಬೇಕು. ಕೆಮ್ಮಿದಳೋ ಇಲ್ಲವೋ ನನಗೆ ತಿಳಿಯಬೇಕು. ಕೆಮ್ಮಿದ್ದರೂ ಮುಚ್ಚಿಡಬೇಡಿ. ನಿಮ್ಮಿಂದ ಕೇಳಿದರೆ ತಡೆದುಕೊಳ್ಳುತ್ತೇನೆ.

ಕೆಮ್ಮಿರದಿದ್ದರೆ, ನಾಲ್ಕರ ಹಾಲು ಆದ ಮೇಲೆ ಅವಳು ಯಾವಾಗಲೂ ಸ್ವಲ್ಪ ಹೊತ್ತು ಎದ್ದಿರುತ್ತಾಳೆ. ಅವಳ ಹೊಟ್ಟೆಗೆ ಮೂಗು ಒತ್ತಿ. ನಗುತ್ತಾಳೆ. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿಯಿರಿ. ನೀವು ಮಾತಾಡಬೇಕಿಲ್ಲ, ಪಕ್ಕದ ಮಕ್ಕಳು ಎದ್ದಾರು. ಎಂಟರ ನಂತರ ಆ ನಗು ಯಾರಿಗೂ ಇಲ್ಲ.

ನಾನು ಮಲಗುವುದಿಲ್ಲ, ತಿಲೆಕ್‌ನ ಫೋನೂ ನನ್ನ ಕೈಯಲ್ಲೇ ಇರುತ್ತದೆ. ಎರಡರಲ್ಲಿ ಯಾವುದಕ್ಕಾದರೂ ಸರಿ. ನಿಮ್ಮ ಫೋನಿನಲ್ಲಿ ಹಸಿರು ಗುಂಡಿ ಎರಡು ಸಲ ಒತ್ತಿದರೆ ನನಗೇ ಬರುತ್ತದೆ. ಫೋನ್ ಮಾಡಿ ಆಪಾ, ನಿಮ್ಮ ಕಾಲಿಗೆ ಬೀಳುತ್ತೇನೆ, ಬೆಳಗಾಗುವ ಮೊದಲು ಒಂದು ಸಲ ಫೋನ್ ಮಾಡಿ.